ಔಷಧಿ ಚೀಟಿ ಕೊಟ್ಟ ಮೇಲೆ

ನಲವತ್ತು ವರ್ಷಗಳ ಹಿಂದೆ ಬಳ್ಳಾರಿ ಜಿಲ್ಲೆಯ ಹಳ್ಳಿಯಲ್ಲಿ ಯಾರಿಗಾದರೂ ಮನೋರೋಗ ಬಂದರೆ ಮನೆಯವರು ಮೊದಲು ದೇವರ ಹರಕೆ, ತಾಯಿತ, ಮಂತ್ರವಾದಿ ಎಂದು ಅಲೆಯುತ್ತಿದ್ದರು. ಅದೂ ಫಲಿಸದಿದ್ದರೆ ಧಾರವಾಡದ ಇಲ್ಲವೇ ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಹೋಗಬೇಕಿತ್ತು. 1985ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ತಂಡ ಆ ಜಿಲ್ಲೆಯಲ್ಲಿ ಬೇರೊಂದು ದಾರಿ ಹಿಡಿಯಿತು. ಬೆಂಗಳೂರಿನ ಹೊರವಲಯದ ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಮೊದಲು ಕಲಿತದ್ದನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಪ್ರಯತ್ನ ಅದು. ತೀವ್ರ ಮನೋರೋಗ, ಖಿನ್ನತೆ, ಮೂರ್ಛೆರೋಗಗಳಿಗೆ ಕೆಲವೇ ಅಗತ್ಯ ಔಷಧಿಗಳಿಂದ ಚಿಕಿತ್ಸೆ ಕೊಡುವುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕಲಿಸಿದರು. ರೋಗಿಗಳನ್ನು ಗುರುತಿಸುವುದನ್ನು, ಔಷಧಿ ಬಿಟ್ಟವರ ಮನೆಗೆ ಹೋಗಿ ವಿಚಾರಿಸುವುದನ್ನು ಆರೋಗ್ಯ ಕಾರ್ಯಕರ್ತರಿಗೆ ಕಲಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಮನೆಗೆ ಹೋಗಿ ವಿಚಾರಿಸುವುದು ಸಣ್ಣ ಕೆಲಸವೆನಿಸಬಹುದು. ನನ್ನ ಮಟ್ಟಿಗೆ ಚಿಕಿತ್ಸೆಯ ಜೀವಾಳವೇ ಅದು.

ಸ್ಕಿಜೋಫ್ರೇನಿಯಾವನ್ನೇ ನೋಡಿ. ಯಾರೂ ಇಲ್ಲದಿದ್ದರೂ ಕಿವಿಗೆ ಮಾತು ಕೇಳಿಸುತ್ತದೆ, ಎಲ್ಲರ ಮೇಲೂ ಅನುಮಾನ. ಔಷಧಿಗಳು ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಚಟುವಟಿಕೆಯನ್ನು ತಗ್ಗಿಸುತ್ತವೆ. ಕೆಲವು ವಾರಗಳಲ್ಲಿ ಅನೇಕರು ಸುಧಾರಿಸುತ್ತಾರೆ. ತೊಡಕು ಶುರುವಾಗುವುದು ಆಮೇಲೆ. ತನಗೆ ಕಾಯಿಲೆಯಿದೆ ಎಂದೇ ರೋಗಿಗೆ ಎಷ್ಟೋ ಸಲ ಅನಿಸುವುದಿಲ್ಲ. ಮಾತ್ರೆಯಿಂದ ಮಂಪರು, ಕೈನಡುಕ ಬೇರೆ. ವಾಸಿಯಾಯಿತಲ್ಲ ಎಂದು ನಿಲ್ಲಿಸುತ್ತಾರೆ. ನಿಲ್ಲಿಸಿದ ಮರುದಿನ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದು ಕಾಯಿಲೆ ಮರುಕಳಿಸಿದಾಗ ಬಿಟ್ಟ ಮಾತ್ರೆ ಯಾರಿಗೂ ನೆನಪಾಗದು. ತಪ್ಪು ಅಮಾವಾಸ್ಯೆಯ ತಲೆಗೋ ಪಕ್ಕದ ಮನೆಯವರ ಮಾಟದ ತಲೆಗೋ ಬೀಳುತ್ತದೆ. ಈ ಅಂತರದಲ್ಲಿ “ಮಾತ್ರೆ ತಗೊಂಡ್ರಾ? ನಿದ್ದೆ ಹೇಗಿದೆ?” ಎಂದು ಕೇಳುವ ಒಬ್ಬ ಪರಿಚಿತ ವ್ಯಕ್ತಿ ಬೇಕು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ಸಂಶೋಧಕರು ಸ್ಕಿಜೋಫ್ರೇನಿಯಾ ರೋಗಿಗಳನ್ನು ಅವರ ಊರಲ್ಲೇ ಗುರುತಿಸಿ, ಒಂದು ವರ್ಷದ ನಂತರ ಮತ್ತೆ ಪರೀಕ್ಷಿಸಿದರು. ಔಷಧಿ ತೆಗೆದುಕೊಂಡವರಲ್ಲಿ ದಿನನಿತ್ಯದ ಬದುಕಿನ ಅಸಾಮರ್ಥ್ಯ ಕಡಿಮೆಯಾಗಿತ್ತು.

ಕುಡಿತದ ಚಟಕ್ಕೂ ಹೀಗೆ ವಿಚಾರಿಸುವವರು ಬೇಕು, ಆದರೆ ಅದರ ಲೆಕ್ಕ ಬೇರೆ. ವರ್ಷಗಟ್ಟಲೆ ಕುಡಿದ ಮಿದುಳು ಮದ್ಯದ ಮಂಪರನ್ನು ಎದುರಿಸಲು ತನ್ನನ್ನು ಸದಾ ಉದ್ರೇಕದಲ್ಲಿ ಇಟ್ಟುಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತರೆ ಆ ಉದ್ರೇಕಕ್ಕೆ ಲಗಾಮಿಲ್ಲ: ಕೈನಡುಕ, ಬೆವರು, ಕೆಲವರಿಗೆ ಫಿಟ್ಸ್, ಎರಡು–ಮೂರನೇ ದಿನ ಇಲ್ಲದ್ದು ಕಾಣುವ ಸನ್ನಿ. ಇದು ಪ್ರಾಣಕ್ಕೇ ಕುತ್ತಾಗಬಹುದು. ಆದ್ದರಿಂದ ಮೊದಲ ವಾರ ವೈದ್ಯರ ಕಣ್ಗಾವಲು ಬೇಕೇ ಬೇಕು. ಆದರೆ ಮನೆಗೆ ಮರಳಿದ ಮೇಲೆ ಅದೇ ಬೀದಿ, ಅದೇ ಗೆಳೆಯರು, ಅದೇ ಸಂಜೆ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಲ್ಲಿ ನನಗೆ ಮಹತ್ವದ್ದಾಗಿ ಕಾಣುವುದು ಶಿಬಿರದ ನಂತರದ ನವಜೀವನ ಸಮಿತಿ. ಅಲ್ಲಿ ಕುಡಿತ ಬಿಟ್ಟವರು ಪರಸ್ಪರ ಕೈಹಿಡಿಯುತ್ತಾರೆ. ಮತ್ತೆ ಕುಡಿದವನನ್ನು ಬೈದು ಅಟ್ಟಿದರೆ ಅವನು ಬಚ್ಚಿಟ್ಟುಕೊಂಡು ಕುಡಿಯುತ್ತಾನೆ. ಮರುಕಳಿಕೆ ಈ ಕಾಯಿಲೆಯ ಗುಣ.

ಬಸ್ ನಿಲ್ದಾಣದ ಗೋಡೆಗಳಲ್ಲಿ “ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ” ಎಂಬ ಚೀಟಿಗಳನ್ನು ನೀವೂ ನೋಡಿರುತ್ತೀರಿ. ನಂಬಬೇಡಿ. ಮದ್ಯ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಂನಂಥ ಔಷಧಿಯನ್ನು ಕದ್ದು ಊಟದಲ್ಲಿ ಬೆರೆಸಿದರೆ, ಅದರ ಮೇಲೆ ಕುಡಿದವನ ರಕ್ತದೊತ್ತಡ ಕುಸಿದು ಸಾವೂ ಬರಬಹುದು. ಅದನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು ಕೊಡಬೇಕು.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ತೊಂದರೆಯಿರುವವರಲ್ಲಿ ಶೇ. 86ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಅಂಥವರಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.