ನಾಯಿಯ ಸೊಂಟದ ಕೀಲು ಸಡಿಲಿಕೆ: ಮನೆಯಲ್ಲಿ ಮಾಡಬಹುದಾದ ಆರೈಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗದಲ್ಲಿ ಅನೇಕ ರೈತ ಕುಟುಂಬಗಳು ತೋಟದ ಮನೆಯಲ್ಲಿಯೇ ವಾಸಿಸುತ್ತವೆ. ರಾತ್ರಿ ಪಂಪ್‌ಸೆಟ್ಟು, ದನಕರು ಹಾಗೂ ಬೆಳೆಯನ್ನು ಕಾಯುವುದು ನಾಯಿ. ಈಗ ಊರ ನಾಯಿಗಳ ಜೊತೆಗೆ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ನಂತಹ ದೊಡ್ಡ ತಳಿಗಳನ್ನೂ ಸಾಕಲಾಗುತ್ತಿದೆ. ಬೆಳೆ ನೋಡಲು ಹೋದಾಗ ಬೇಸಾಯ ಶಾಸ್ತ್ರದವನಾದ ನನ್ನನ್ನೂ ರೈತರು ಕೇಳುವುದುಂಟು: “ನಾಯಿಗೆ ಇನ್ನೂ ಎರಡು ವರ್ಷ ತುಂಬಿಲ್ಲ, ಆಗಲೇ ಹಿಂಗಾಲು ಎಳೆಯುತ್ತದೆ. ಏನು ಮಾಡಬೇಕು?”

ರೋಗದ ಸ್ವರೂಪ

ತೊಡೆಯ ಎಲುಬಿನ ಮೇಲ್ತುದಿ ಗುಂಡಗಿದ್ದು, ಸೊಂಟದ ಎಲುಬಿನ ಬಟ್ಟಲಿನಂತಹ ಕುಳಿಯಲ್ಲಿ ತಿರುಗುತ್ತದೆ. ಮರಿ ಬೆಳೆಯುವಾಗ ಈ ಕೀಲು ಸಡಿಲಾದರೆ ಗುಂಡು ಸರಿಯಾಗಿ ಕೂರದೆ ಅಲುಗಾಡುತ್ತದೆ. ಕುಳಿ ಸವೆದು ಸಂಧಿವಾತ ಉಂಟಾಗುತ್ತದೆ. ಇದನ್ನು ‘ಹಿಪ್ ಡಿಸ್‌ಪ್ಲೇಸಿಯಾ’ ಎನ್ನುತ್ತಾರೆ. ಇದು ವಂಶದಿಂದ ಬರುವ ದೋಷ. ಅತಿಯಾದ ಆಹಾರ ಮತ್ತು ಜಾರುವ ನೆಲ ಅದನ್ನು ಉಲ್ಬಣಗೊಳಿಸುತ್ತವೆ.

ಬೆಳಿಗ್ಗೆ ಏಳಲು ತಿಣುಕುವುದು, ಓಡುವಾಗ ಎರಡೂ ಹಿಂಗಾಲುಗಳನ್ನು ಕೂಡಿಸಿ ಮೊಲದಂತೆ ಜಿಗಿಯುವುದು, ಮೆಟ್ಟಿಲು ಹತ್ತಲು ಹಿಂಜರಿಯುವುದು ಮತ್ತು ತೊಡೆ ಸಣಕಲಾಗುವುದು ಇದರ ಮುಖ್ಯ ಲಕ್ಷಣಗಳು. ಆದರೆ ಹಿಂಗಾಲು ಒಮ್ಮೆಲೇ ಸ್ವಾಧೀನ ತಪ್ಪಿದರೆ ಅದು ಬೆನ್ನುಹುರಿಯ ಪೆಟ್ಟು ಅಥವಾ ಹುಚ್ಚುನಾಯಿ ರೋಗವೂ ಆಗಿರಬಹುದು. ಅಂಥ ನಾಯಿಯ ಬಾಯಿಗೆ ಕೈ ಹಾಕದೆ ಕೂಡಲೇ ಪಶುವೈದ್ಯರನ್ನು ಕರೆಸಬೇಕು.

ಮೊದಲ ಮದ್ದು: ತೂಕ ಇಳಿಸುವುದು

ಕೆಟ್ಟ ಕೀಲನ್ನು ಯಾವ ಸೊಪ್ಪು, ಎಣ್ಣೆಯೂ ಮೊದಲಿನಂತೆ ಮಾಡಲಾರದು. ಆದರೆ ಅದರ ಮೇಲಿನ ಭಾರ ಇಳಿಸುವುದು ನಮ್ಮ ಕೈಯಲ್ಲಿದೆ. ಅಮೇರಿಕದಲ್ಲಿ ೪೮ ಲ್ಯಾಬ್ರಡಾರ್ ನಾಯಿಗಳನ್ನು ಮರಿಯಿಂದ ಕೊನೆಯವರೆಗೆ ಪರೀಕ್ಷಿಸಿ, ಆಯುಷ್ಯದ ಫಲಿತಾಂಶವನ್ನು ೨೦೦೨ರಲ್ಲಿ ಪ್ರಕಟಿಸಲಾಯಿತು. ಶೇ. ೨೫ರಷ್ಟು ಕಡಿಮೆ ಆಹಾರ ಪಡೆದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಅವುಗಳಲ್ಲಿ ಸೊಂಟದ ಸಂಧಿವಾತವೂ ಕಡಿಮೆಯಿತ್ತು.

ಪಕ್ಕೆಲುಬಿನ ಮೇಲೆ ಕೈಯಾಡಿಸಿರಿ. ಒತ್ತದೆಯೇ ಎಲುಬು ಕೈಗೆ ಹತ್ತಬೇಕು. ಹತ್ತದಿದ್ದರೆ ರೊಟ್ಟಿ, ಅನ್ನ ಮತ್ತು ಹಾಲನ್ನು ಕ್ರಮೇಣ ಕಡಿಮೆ ಮಾಡಬೇಕು. ಬೆಲ್ಲ, ಸಿಹಿ ಪೂರ್ತಿ ನಿಲ್ಲಿಸಬೇಕು. ದೊಡ್ಡ ತಳಿಯ ಮರಿಗೆ ವೈದ್ಯರು ಹೇಳದೆ ಕ್ಯಾಲ್ಸಿಯಂ ಔಷಧ ಕುಡಿಸಬಾರದು. ಹೆಚ್ಚಾದ ಕ್ಯಾಲ್ಸಿಯಂ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ.

ನೆಲ, ನಡಿಗೆ ಮತ್ತು ಶಾಖ

೧. ನುಣುಪಾದ ಫರಸಿ ಅಥವಾ ಟೈಲ್ಸ್ ಮೇಲೆ ನಾಯಿಯನ್ನು ಕಟ್ಟಬಾರದು. ಒಣಗಿದ ಕಬ್ಬಿನ ರವದಿಯನ್ನು ದಪ್ಪಗೆ ಹರಡಿ, ಮೇಲೆ ಗೋಣಿಚೀಲ ಅಥವಾ ಹಳೆಯ ಕಂಬಳಿ ಹಾಸಬೇಕು. ಉಣ್ಣೆ ಸೇರದಂತೆ ವಾರಕ್ಕೊಮ್ಮೆ ಬದಲಿಸಬೇಕು.

೨. ದಿನಕ್ಕೆ ಮೂರು ಸಲ, ಹತ್ತು-ಹದಿನೈದು ನಿಮಿಷ ಮೆತ್ತಗಿನ ಮಣ್ಣಿನ ದಾರಿಯಲ್ಲಿ ನಡೆಸಬೇಕು. ಪೂರ್ತಿ ಕಟ್ಟಿಹಾಕಿದರೆ ಸ್ನಾಯು ಸೊರಗುತ್ತದೆ. ಮೋಟಾರ್ ಸೈಕಲ್ ಹಿಂದೆ ಓಡಿಸಿದರೆ ಕೀಲು ಸವೆಯುತ್ತದೆ.

೩. ಈಜು ಒಳ್ಳೆಯ ವ್ಯಾಯಾಮ. ಆದರೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ಇಳಿದ ನಾಯಿ ಮೇಲೆ ಬರಲಾರದು. ಕೃಷ್ಣಾ ನದಿಯಲ್ಲಿ ಮೊಸಳೆಗಳಿವೆ. ಆದ್ದರಿಂದ ಆಳವಿಲ್ಲದ, ಸುರಕ್ಷಿತ ನೀರಿನಲ್ಲಿ ನೀವು ಜೊತೆಗಿದ್ದೇ ಈಜಿಸಬೇಕು.

೪. ಚಳಿಗಾಲದಲ್ಲಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಸೊಂಟಕ್ಕೆ ಹತ್ತು ನಿಮಿಷ ಶಾಖ ಕೊಡಬೇಕು. ಬಿಸಿಯನ್ನು ಮೊದಲು ನಿಮ್ಮ ಮುಂಗೈ ಮೇಲೆ ನೋಡಿಕೊಳ್ಳಬೇಕು. ನಂತರ ತೊಡೆಯನ್ನು ಮೃದುವಾಗಿ ನೀವಬೇಕು.

ಮೀನೆಣ್ಣೆಯಿಂದ ನೋವು ಸ್ವಲ್ಪ ತಗ್ಗುತ್ತದೆ. ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು. ನಮ್ಮ ಅಗಸಿಯಲ್ಲಿಯೂ ಒಮೇಗಾ-೩ ಕೊಬ್ಬು ಇದೆ. ಆದರೆ ನಾಯಿಯ ಶರೀರ ಅದನ್ನು ಮೀನೆಣ್ಣೆಯಲ್ಲಿರುವ ರೂಪಕ್ಕೆ ಅಲ್ಪವಾಗಿ ಮಾತ್ರ ಪರಿವರ್ತಿಸುತ್ತದೆ.

ಮಾಡಬಾರದ್ದು

ಮನುಷ್ಯರ ನೋವಿನ ಮಾತ್ರೆಗಳಾದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಬಾರದು. ಇವುಗಳಿಂದ ಹೊಟ್ಟೆಯಲ್ಲಿ ರಕ್ತಸ್ರಾವವಾಗಿ, ಮೂತ್ರಪಿಂಡ ಕೆಟ್ಟು ನಾಯಿ ಸಾಯಬಹುದು. ನೈಸರ್ಗಿಕವಾದುದೆಲ್ಲ ನಿರಪಾಯವೂ ಅಲ್ಲ. ಬೆಳ್ಳುಳ್ಳಿ, ಉಳ್ಳಾಗಡ್ಡಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಅಥಣಿ ಭಾಗದ ದ್ರಾಕ್ಷಿ, ಒಣದ್ರಾಕ್ಷಿ ನಮಗೆ ಪೌಷ್ಟಿಕವಾದರೂ ನಾಯಿಯ ಮೂತ್ರಪಿಂಡಕ್ಕೆ ವಿಷ. ಬರೆ ಹಾಕಿದರೆ ನೋವಿನ ಮೇಲೆ ಗಾಯವಾಗುತ್ತದೆಯೇ ಹೊರತು ಕೀಲು ಬಿಗಿಯಾಗುವುದಿಲ್ಲ.

ಬೀಜದಂತೆ ಮರಿಯ ಆಯ್ಕೆ

ಬೀಜ ಕೆಟ್ಟಿದ್ದರೆ ಗೊಬ್ಬರದಿಂದ ಬೆಳೆ ಸುಧಾರಿಸದು. ಮರಿ ಕೊಳ್ಳುವಾಗ ತಂದೆ-ತಾಯಿ ಎರಡರ ನಡಿಗೆಯನ್ನೂ ಕಣ್ಣಾರೆ ನೋಡಬೇಕು. ಸಾಧ್ಯವಿದ್ದಲ್ಲಿ ಅವುಗಳ ಸೊಂಟದ ಎಕ್ಸ್-ರೇ ಕೇಳಬೇಕು. ರೋಗವಿರುವ ನಾಯಿಯಿಂದ ಮರಿ ಮಾಡಿಸಬಾರದು. ಬೇಟೆಗಾಗಿ ಬೆಳೆದುಬಂದ ಓಟದ ತಳಿಗಳಲ್ಲಿ ಈ ದೋಷ ವಿರಳ. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಈ ಗುಂಪಿಗೆ ಸೇರಿದೆ. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ.

ಮನೆ ಆರೈಕೆ ಮಾಡಿದರೂ ನಾಯಿ ಮೇವು ಬಿಟ್ಟರೆ, ನರಳಿದರೆ ಅಥವಾ ಏಳದಿದ್ದರೆ ತಡಮಾಡದೆ ಹತ್ತಿರದ ಪಶುಚಿಕಿತ್ಸಾಲಯಕ್ಕೆ ಒಯ್ಯಬೇಕು. ನಾಯಿಗೆ ಬಾಯಿಲ್ಲ, ಮುಪ್ಪೆಂದು ನಾವು ಬಿಟ್ಟುಬಿಡುವ ಕುಂಟುತನ ಅನೇಕ ವೇಳೆ ತಗ್ಗಿಸಬಹುದಾದ ನೋವಾಗಿರುತ್ತದೆ.