ಇಪ್ಪತ್ತು ಲೀಟರ್ ನೀರಿನ ಹೊಣೆ

ಸುಮಾರು 40 ಲೀಟರಿಗಿಂತ ಕಡಿಮೆ ನೀರು ಹಿಡಿಯುವ, ಓದುವ ಮೇಜಿನ ಅಂಚಿನಲ್ಲಿಯೂ ಇಡಬಹುದಾದ ಗಾಜಿನ ತೊಟ್ಟಿಗಳನ್ನು ಹವ್ಯಾಸಿಗಳು ‘ನ್ಯಾನೊ ಅಕ್ವೇರಿಯಂ’ ಎಂದು ಕರೆಯುತ್ತಾರೆ. ಕಲ್ಲು, ಕಟ್ಟಿಗೆ ಮತ್ತು ಜಲಸಸ್ಯಗಳನ್ನು ಜೋಡಿಸಿ ನೀರಿನೊಳಗೆ ನಿಸರ್ಗದೃಶ್ಯವನ್ನು ಕಟ್ಟುವ ಕಲೆಯನ್ನು ಜಪಾನಿನ ತಕಾಶಿ ಅಮಾನೊ (1954–2015) ಜಗತ್ತಿನಾದ್ಯಂತ ಜನಪ್ರಿಯಗೊಳಿಸಿದ ಮೇಲೆ, ಕಿರಿದಾದ ಮನೆಗಳಲ್ಲಿಯೂ ಇಂಥ ತೊಟ್ಟಿಗಳಿಗೆ ಜಾಗ ದೊರೆತಿದೆ. ತೊಟ್ಟಿ ಚಿಕ್ಕದಾದರೆ ಶ್ರಮವೂ ಕಡಿಮೆ ಎಂಬ ನಂಬಿಕೆ ಇದರ ಜೊತೆಗೇ ಬೆಳೆದಿದೆ. ನೀರಿನೊಳಗಿನ ರಾಸಾಯನಿಕ ಕ್ರಿಯೆಗಳನ್ನು ಅರಿತರೆ ಈ ನಂಬಿಕೆ ನಿಲ್ಲುವುದಿಲ್ಲ. ಯಾವ ಜೀವಿಯನ್ನು ಎಷ್ಟು ನೀರಿನಲ್ಲಿ ಇಡುವುದು ನ್ಯಾಯ ಎಂಬ ಪ್ರಶ್ನೆಗೂ ಉತ್ತರ ಅಲ್ಲಿಂದಲೇ ಆರಂಭವಾಗುತ್ತದೆ.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಮತ್ತು ಕೊಳೆತ ಎಲೆಗಳಿಂದಲೂ ಅದೇ ವಿಷ ನೀರಿಗೆ ಸೇರುತ್ತದೆ. ಫಿಲ್ಟರಿನಲ್ಲಿಯೂ ಜಲ್ಲಿಕಲ್ಲುಗಳ ಮೇಲೂ ನೆಲೆಸುವ ಬ್ಯಾಕ್ಟೀರಿಯಾಗಳಲ್ಲಿ ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ, ಇನ್ನೊಂದು ಗುಂಪು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಇದಕ್ಕೆ ಸಾರಜನಕ ಚಕ್ರ ಎಂದು ಹೆಸರು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಬೇರೂರಲು ಸಾಮಾನ್ಯವಾಗಿ 4ರಿಂದ 6 ವಾರಗಳು ಹಿಡಿಯುತ್ತವೆ. ಅದಕ್ಕೆ ಮುನ್ನವೇ ಮೀನನ್ನು ಬಿಟ್ಟರೆ ಅಮೋನಿಯಾ ಅದರ ಕಿವಿರುಗಳನ್ನು ಸುಡುತ್ತದೆ, ನೈಟ್ರೈಟ್ ರಕ್ತಕ್ಕೆ ಸೇರಿ ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕುಂದಿಸುತ್ತದೆ. ತೊಟ್ಟಿಯ ಅಳತೆಗೆ ಮಹತ್ವ ಬರುವುದು ಇಲ್ಲಿಯೇ: 20 ಮಿಲಿಗ್ರಾಂ ಅಮೋನಿಯಾ 200 ಲೀಟರ್ ನೀರಿನಲ್ಲಿ ಕರಗಿದರೆ ಪ್ರತಿ ಲೀಟರಿಗೆ 0.1 ಮಿಲಿಗ್ರಾಂ ಆಗುತ್ತದೆ, 20 ಲೀಟರಿನಲ್ಲಿ ಕರಗಿದರೆ 1 ಮಿಲಿಗ್ರಾಂ. ಮೇಲಾಗಿ ಕಡಿಮೆ ನೀರು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ನೀರು ಬಿಸಿಯಾದಷ್ಟೂ ಅಮೋನಿಯಾದ ವಿಷಗುಣ ಹೆಚ್ಚುತ್ತದೆ, ಕರಗಿರುವ ಆಮ್ಲಜನಕ ತಗ್ಗುತ್ತದೆ. ಕಣ್ಣಿಗೆ ಕಾಣದ ಒಂದು ಸತ್ತ ಬಸವನಹುಳು ದೊಡ್ಡ ತೊಟ್ಟಿಯಲ್ಲಿ ಹೆಚ್ಚಿನ ಹಾನಿ ಮಾಡದಿರಬಹುದು, ಸಣ್ಣ ತೊಟ್ಟಿಯಲ್ಲಿ ಅದೇ ಉಳಿದ ಜೀವಿಗಳಿಗೆ ಕುತ್ತಾಗಬಲ್ಲದು.

ಈ ಸಮತೋಲನದ ವಿಚಾರ ಹೊಸದಲ್ಲ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಗೋಲ್ಡ್‌ಫಿಷ್‌ಗಳನ್ನು ವ್ಯಾಲಿಸ್ನೇರಿಯಾ ಎಂಬ ಜಲಸಸ್ಯದೊಡನೆ ಇಟ್ಟು ಗಮನಿಸಿದಾಗ, ಗಿಡದ ಎಲೆಗಳು ಕೊಳೆತು ನೀರು ಕೆಡತೊಡಗಿತು. ಕೊಳೆತದ್ದನ್ನು ತಿನ್ನುವ ಬಸವನಹುಳುಗಳನ್ನು ಸೇರಿಸಿದ ಮೇಲೆ ನೀರು ತಿಳಿಯಾಯಿತು. ಪ್ರಾಣಿ ಮತ್ತು ಸಸ್ಯಗಳ ಈ ಪರಸ್ಪರ ಅವಲಂಬನೆಯನ್ನು ಅವರು 1850ರಲ್ಲಿ ಪ್ರಕಟಿಸಿದರು. ಅಕ್ವೇರಿಯಂ ಎಂಬುದು ಅಲಂಕಾರದ ವಸ್ತುವಾಗುವ ಮೊದಲು ಜೀವಿಗಳ ಸಂಬಂಧವನ್ನು ಅರಿಯುವ ಸಾಧನವಾಗಿತ್ತು ಎಂಬುದನ್ನು ಇದು ತೋರಿಸುತ್ತದೆ.

ನೀರು ಶುದ್ಧವಾಗಿದ್ದ ಮಾತ್ರಕ್ಕೆ ನೈತಿಕ ಹೊಣೆ ತೀರುವುದಿಲ್ಲ. ಗುಂಡು ಬಟ್ಟಲಿನಲ್ಲಿ ಮಾರಾಟವಾಗುವ ಗೋಲ್ಡ್‌ಫಿಷ್ ಸರಿಯಾದ ಆರೈಕೆಯಲ್ಲಿ 20 ಸೆಂಟಿಮೀಟರಿಗೂ ಮೀರಿ ಬೆಳೆದು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬದುಕಬಲ್ಲದು. ರೋಮ್ ನಗರಾಡಳಿತ 2005ರಲ್ಲಿ ಇಂಥ ಗುಂಡು ಬಟ್ಟಲುಗಳನ್ನು ನಿಷೇಧಿಸಿತು. ಫೈಟರ್ ಮೀನಿನ ಪಾಡು ಇನ್ನೂ ಸೂಕ್ಷ್ಮವಾದುದು. ಥಾಯ್ಲೆಂಡಿನ ಗದ್ದೆ ಮತ್ತು ಜವುಗು ನೆಲಗಳ ಈ ಮೀನಿಗೆ ನೀರಿನ ಮೇಲ್ಮೈಗೆ ಬಂದು ಗಾಳಿಯನ್ನೇ ಉಸಿರಾಡಲು ನೆರವಾಗುವ ವಿಶೇಷ ಅಂಗವಿದೆ. ಆದ್ದರಿಂದ ಅಂಗೈಯಗಲದ ಡಬ್ಬಿಯಲ್ಲಿಯೂ ಅದು ತಕ್ಷಣ ಸಾಯುವುದಿಲ್ಲ, ಮತ್ತು ಆ ಸಹಿಷ್ಣುತೆಯೇ ಅದಕ್ಕೆ ಶಾಪವಾಗಿದೆ. ಬದುಕುಳಿಯುವುದು ಬೇರೆ, ನೆಮ್ಮದಿಯಾಗಿ ಬದುಕುವುದು ಬೇರೆ. ಮೀನಿಗೆ ನೋವಿಲ್ಲ ಎಂಬ ಸಮಾಧಾನಕ್ಕೂ ಈಗ ಆಧಾರ ಉಳಿದಿಲ್ಲ: ರೇನ್‌ಬೋ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಹಾನಿಕಾರಕ ಪ್ರಚೋದನೆಗಳನ್ನು ಗ್ರಹಿಸುವ ನರತಂತುಗಳಿವೆ ಎಂಬುದನ್ನು ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿಕೊಟ್ಟರು.

ದೇಹ ಚಿಕ್ಕದೆಂಬ ಕಾರಣಕ್ಕೆ ಎಲ್ಲ ಮೀನುಗಳೂ ಚಿಕ್ಕ ತೊಟ್ಟಿಗೆ ಹೊಂದುವುದಿಲ್ಲ. ಜೀಬ್ರಾ ಡೇನಿಯೊ ಬೆರಳುದ್ದದ ಮೀನಾದರೂ ಹಿಂಡಿನಲ್ಲಿ ವೇಗವಾಗಿ ಈಜುವ ಸ್ವಭಾವದ್ದು; ಅದಕ್ಕೆ ಉದ್ದನೆಯ ತೊಟ್ಟಿಯೂ ಸಂಗಾತಿಗಳೂ ಬೇಕು. ಪಶ್ಚಿಮ ಘಟ್ಟದ ನದಿಗಳಲ್ಲಷ್ಟೇ ಕಂಡುಬರುವ, 3 ಸೆಂಟಿಮೀಟರಿನಷ್ಟೇ ಇರುವ ಕುಬ್ಜ ಪಫರ್ ಮೀನು ತನ್ನ ಜಾಗಕ್ಕಾಗಿ ಕಾದಾಡುತ್ತದೆ, ಇತರ ಮೀನುಗಳ ಈಜುರೆಕ್ಕೆಗಳನ್ನು ಕಚ್ಚುತ್ತದೆ, ಒಣ ಆಹಾರಕ್ಕಿಂತ ಹುಳುಗಳನ್ನೂ ಪುಟ್ಟ ಬಸವನಹುಳುಗಳನ್ನೂ ಬಯಸುತ್ತದೆ. ನೆಲೆಯ ನಾಶ ಮತ್ತು ಅಲಂಕಾರಿಕ ಮೀನಿನ ವ್ಯಾಪಾರ ಎರಡೂ ಅದರ ಸಂತತಿಗೆ ಅಪಾಯ ತಂದಿರುವುದರಿಂದ, ಕೊಳ್ಳುವ ಮೀನು ಸಾಕಣೆಯಲ್ಲಿ ಹುಟ್ಟಿದ್ದೋ ಹೊಳೆಯಿಂದ ಹಿಡಿದದ್ದೋ ಎಂದು ವಿಚಾರಿಸುವುದು ಕೊಳ್ಳುವವರ ಕರ್ತವ್ಯ.

ಹೀಗಿರುವಾಗ 20 ಲೀಟರಿನ ತೊಟ್ಟಿಗೆ ಯೋಗ್ಯವಾದದ್ದು ಜಾವಾ ಮಾಸ್, ಅನುಬಿಯಾಸ್‌ನಂಥ ಸಸ್ಯಗಳು, ಎರಡು ಮೂರು ಸೆಂಟಿಮೀಟರ್ ಉದ್ದದ ಚೆರ್ರಿ ಸೀಗಡಿಗಳು ಮತ್ತು ಬಸವನಹುಳುಗಳು. ಮೀನು ಬೇಕೇ ಬೇಕೆನಿಸಿದರೆ, ಮಂದಗತಿಯ ಫಿಲ್ಟರ್ ಇರುವಲ್ಲಿ ಒಂದೇ ಒಂದು ಫೈಟರ್. ಅದು ಸೀಗಡಿಮರಿಗಳನ್ನು ತಿನ್ನುವುದರಿಂದ ಎರಡನ್ನೂ ಒಂದೆಡೆ ಇಡಬಾರದು. ನಲ್ಲಿನೀರಿನ ಕ್ಲೋರಿನ್ ತೆಗೆದು, ವಾರಕ್ಕೊಮ್ಮೆ ಸ್ವಲ್ಪ ಭಾಗದ ನೀರನ್ನಷ್ಟೇ ಬದಲಿಸಬೇಕು. ಸಂಖ್ಯೆ ಹೆಚ್ಚಾದ ಜೀವಿಗಳನ್ನು ಕೆರೆಗೆ ಬಿಡುವುದು ಕರುಣೆಯಾಗದು: ದಕ್ಷಿಣ ಅಮೆರಿಕದ ಸಕರ್ ಮೀನು ಸಾಕಿದವರ ಕೈಯಿಂದಲೇ ಭಾರತದ ಕೆರೆ-ನದಿಗಳನ್ನು ಸೇರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ.

ತೊಟ್ಟಿಯೊಳಗಿನ ಜೀವಿಗೆ ನೀರನ್ನಾಗಲಿ, ನೆರೆಯವರನ್ನಾಗಲಿ ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಆ ಆಯ್ಕೆಗಳೆಲ್ಲ ಸಾಕುವವರ ಕೈಯಲ್ಲಿರುವುದರಿಂದ, ಮೊದಲು ಮೀನಿನ ಅಗತ್ಯವನ್ನು ತಿಳಿದು ಅನಂತರ ತೊಟ್ಟಿಯನ್ನು ಕೊಳ್ಳುವುದೇ ಸರಿಯಾದ ಕ್ರಮ. ಸ್ಥಳವೋ ಸಮಯವೋ ಅದಕ್ಕೆ ಸಾಲದಿದ್ದರೆ, ಗಿಡಗಳಷ್ಟೇ ಇರುವ ತೊಟ್ಟಿಯನ್ನು ಅಪೂರ್ಣವೆಂದು ಯಾರೂ ಭಾವಿಸಬೇಕಿಲ್ಲ.