ತೆರೆಯ ಮರೆಯ ಶಿಲ್ಪಿ: ಬನ್ಸಿ ಚಂದ್ರಗುಪ್ತ

ಚಲನಚಿತ್ರವನ್ನು ನೋಡಿ ಹೊರಬಂದ ಪ್ರೇಕ್ಷಕನು ನಟರ ಅಭಿನಯವನ್ನು ಕೊಂಡಾಡುತ್ತಾನೆ. ಹಾಡುಗಳನ್ನು ಮೆಲುಕು ಹಾಕುತ್ತಾನೆ. ಆದರೆ ಕಥೆ ನಡೆದ ಮನೆಯನ್ನು ಕಟ್ಟಿದವರು ಯಾರೆಂದು ಕೇಳುವವರು ವಿರಳ. ಆ ಮನೆ ಮೊದಲಿನಿಂದಲೂ ಅಲ್ಲಿಯೇ ಇದ್ದಿತೆಂದು ಎಲ್ಲರೂ ಭಾವಿಸುತ್ತಾರೆ. ಹಾಗೆ ಭಾವಿಸುವಂತೆ ಮಾಡುವುದೇ ಕಲಾನಿರ್ದೇಶಕನ ಸಾಧನೆ. ಭಾರತೀಯ ಚಿತ್ರರಂಗದಲ್ಲಿ ಈ ಕಲೆಗೆ ಘನತೆ ತಂದವರಲ್ಲಿ ಬನ್ಸಿ ಚಂದ್ರಗುಪ್ತರು ಅಗ್ರಗಣ್ಯರು.

ಇಂದು ಪಾಕಿಸ್ತಾನದಲ್ಲಿರುವ ಸಿಯಾಲಕೋಟ್ ನಗರದಲ್ಲಿ 1924ರಲ್ಲಿ ಜನಿಸಿ, ಕಾಶ್ಮೀರದಲ್ಲಿ ಬೆಳೆದ ಅವರು ಚಿತ್ರಕಲಾವಿದರಾಗುವ ಹಂಬಲದಿಂದ ಕಲ್ಕತ್ತೆಗೆ ಬಂದರು. ಅಲ್ಲಿ ಸತ್ಯಜಿತ್ ರಾಯ್ ಮೊದಲಾದ ಗೆಳೆಯರೊಡನೆ 1947ರಲ್ಲಿ ಕಲ್ಕತ್ತಾ ಫಿಲ್ಮ್ ಸೊಸೈಟಿಯ ಸ್ಥಾಪನೆಯಲ್ಲಿ ಪಾಲುಗೊಂಡರು. ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾರರು ‘ದಿ ರಿವರ್’ ಚಿತ್ರವನ್ನು ತೆಗೆಯಲು ಬಂಗಾಳಕ್ಕೆ ಬಂದಾಗ, ಅವರ ಕಲಾನಿರ್ದೇಶಕ ಯೂಜೀನ್ ಲೂರಿಯೆಯವರ ಕೈಕೆಳಗೆ ದುಡಿಯುವ ಅವಕಾಶ ಇವರಿಗೆ ಒದಗಿತು. ಮೆರುಗಿಗಿಂತ ನಿಜವೇ ದೊಡ್ಡದೆಂಬ ನಿಷ್ಠೆ ಅವರ ಮುಂದಿನ ಕೆಲಸದಲ್ಲೆಲ್ಲ ಕಾಣುತ್ತದೆ.

1955ರ ‘ಪಥೇರ್ ಪಾಂಚಾಲಿ’ಗಾಗಿ ಕಲ್ಕತ್ತೆಯ ಸಮೀಪದ ಬೋರಾಲ್ ಗ್ರಾಮದ ಹಾಳು ಮನೆಯೊಂದನ್ನು ಕಥೆಗೆ ತಕ್ಕಂತೆ ಮಾರ್ಪಡಿಸಲಾಯಿತು. ರಾತ್ರಿಯ ದೃಶ್ಯಗಳು ಸ್ಟುಡಿಯೋದಲ್ಲಿ ಚಿತ್ರಿತವಾದವು. ಹಳ್ಳಿಯ ಗೋಡೆ ಎಲ್ಲಿ ಮುಗಿಯಿತು, ಸ್ಟುಡಿಯೋದ ಗೋಡೆ ಎಲ್ಲಿ ಆರಂಭವಾಯಿತು ಎಂಬುದು ನೋಡುವವರ ಅರಿವಿಗೆ ಬರುವುದಿಲ್ಲ.

1956ರ ‘ಅಪರಾಜಿತೋ’ ಚಿತ್ರದಲ್ಲಿ ಕಠಿಣವಾದ ಸಮಸ್ಯೆಯೊಂದು ಎದುರಾಯಿತು. ಕಾಶಿಯ ಮನೆಯೊಂದರ ಒಳಾಂಗಣವನ್ನು ಬಯಲಿನಲ್ಲಿ ಕಟ್ಟುವ ಯೋಜನೆಯಿದ್ದರೂ, ಮಳೆಯ ಭೀತಿಯಿಂದ ಸ್ಟುಡಿಯೋದೊಳಗೇ ಕಟ್ಟಬೇಕಾಯಿತು. ಅಂಥ ಅಂಗಳದೊಳಕ್ಕೆ ನೇರ ಬಿಸಿಲು ಇಳಿಯದು. ಆಕಾಶದಿಂದ ಸೋಸಿ ಬರುವ, ನೆರಳು ಬೀಳಿಸದ ಮೆಲುಬೆಳಕಷ್ಟೇ ಅಲ್ಲಿರುತ್ತದೆ. ಸ್ಟುಡಿಯೋ ದೀಪಗಳಿಂದ ಇದು ಅಸಾಧ್ಯವೆಂದು ಛಾಯಾಗ್ರಾಹಕ ಸುಬ್ರತ ಮಿತ್ರರು ವಾದಿಸಿದರು. ಕೊನೆಗೆ ಅವರೇ ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಕೆಳಗಿನಿಂದ ದೀಪಗಳನ್ನು ಅದರತ್ತ ತಿರುಗಿಸಿ, ಪ್ರತಿಫಲಿಸಿದ ಬೆಳಕಿನಲ್ಲಿ ಚಿತ್ರೀಕರಿಸಿದರು. ಕಟ್ಟಿದವನ ಹಟ ಬೆಳಗಿಸುವವನಲ್ಲಿ ಹೊಸ ಮಾರ್ಗವನ್ನು ಹುಟ್ಟಿಸಿತು.

‘ಜಲಸಾಘರ್’ ಚಿತ್ರದ ಸಂಗೀತ ಮಂದಿರ, ‘ಚಾರುಲತಾ’ದ ಶ್ರೀಮಂತ ಮನೆತನದ ಕೋಣೆಗಳು, ‘ನಾಯಕ್’ ಚಿತ್ರದ ರೈಲುಡಬ್ಬಿ ಇವೆಲ್ಲವೂ ಸ್ಟುಡಿಯೋದಲ್ಲಿ ರೂಪುಗೊಂಡವು. ‘ಚಾರುಲತಾ’ದಲ್ಲಿ ಪೀಠೋಪಕರಣ, ಕಿಟಕಿ, ಗೋಡೆಯ ಅಲಂಕಾರಗಳು ಏಕಾಕಿನಿಯಾದ ಗೃಹಿಣಿಯ ಅಂತರಂಗವನ್ನು ಮಾತಿಲ್ಲದೆ ತಿಳಿಸುತ್ತವೆ.

ಮುಂದೆ ಮುಂಬಯಿಯಲ್ಲಿ ನೆಲೆಸಿದ ಅವರು, 1977ರ ‘ಶತರಂಜ್ ಕೆ ಖಿಲಾಡಿ’ಯಲ್ಲಿ ನವಾಬರ ಕಾಲದ ಲಖನೌದ ವೈಭವವನ್ನೂ, ‘ಚಕ್ರ’ದಲ್ಲಿ ಕೊಳೆಗೇರಿಯ ದಾರಿದ್ರ್ಯವನ್ನೂ ಒಂದೇ ಶ್ರದ್ಧೆಯಿಂದ ಕಟ್ಟಿಕೊಟ್ಟರು. 1981ರಲ್ಲಿ ಅಮೆರಿಕದಲ್ಲಿ ಅವರು ನಿಧನರಾದರು. ‘ಚಕ್ರ’ಕ್ಕಾಗಿ ಬಂದ ಫಿಲ್ಮ್‌ಫೇರ್ ಪ್ರಶಸ್ತಿಯನ್ನು ಸ್ವೀಕರಿಸಲು ಅವರಿರಲಿಲ್ಲ.

ಚಿತ್ರ ಮುಗಿದೊಡನೆ ಸೆಟ್ಟನ್ನು ಕೆಡವಿಬಿಡುತ್ತಾರೆ. ಹಲಗೆ, ಬಟ್ಟೆ, ಸುಣ್ಣ ಯಾವುದೂ ಉಳಿಯದು. ಕಳಸವನ್ನು ಕಂಡು ಕೈಮುಗಿಯುವವರು ಅಡಿಪಾಯವನ್ನು ಕಾಣುವುದಿಲ್ಲ. ಆದರೂ ಕಳಸ ನಿಂತಿರುವುದು ಅದರ ಬಲದಿಂದಲೇ. ಬನ್ಸಿ ಚಂದ್ರಗುಪ್ತರು ತಮ್ಮ ಹೆಸರನ್ನು ಮರೆಸಿ ಕೆಲಸವನ್ನು ಉಳಿಸಿದ ಅಂಥ ಕಲಾವಿದರು.